ಲೆಕ್ಕಕ್ಕುಂಟು, ಆಟಕ್ಕಿಲ್ಲ

ಪೊನಿಮನ್ ಕಣ್ಣಾಮುಚ್ಚಾಲೆ ಆಡಲು ಹೋಗಿ ಟೀಚರಮ್ಮನಿಗೆ ಆಸನವಾದದ್ದು ಸೋಲೋ ಪಟ್ಟಣದ ನಮ್ಮ ಗಲ್ಲಿಗೆಲ್ಲ ಗೊತ್ತು. ಐದು ವರ್ಷದ ಮಗಳು ಲಾರಸ್ ಗೋಡೆಗೆ ಮುಖವೊತ್ತಿ ಎಣಿಸತೊಡಗಿದ್ದಳು. ಇವನು ಮೂಲೆಯಲ್ಲಿ ನಿಂತಿದ್ದ ಸೈಕಲ್ ರಿಕ್ಷಾ ಹತ್ತಿ, ಮಳೆಗೆಂದು ಕಟ್ಟಿದ್ದ ಪ್ಲಾಸ್ಟಿಕ್ ಪರದೆ ಎಳೆದುಕೊಂಡ. ಒಳಗೆ ಬೆಚ್ಚಗಿತ್ತು, ನಿದ್ದೆ ಹತ್ತಿತು. ಮದುವೆಗೆ ಹೊರಟಿದ್ದ ಹರ್ತಾತಿ ಟೀಚರ್ ಕೊಡೆ ಮಡಚುತ್ತ, ಬೆನ್ನು ಹಾಕಿಯೇ ಪರದೆಯೊಳಗೆ ನುಗ್ಗಿ, ಅವನ ತೊಡೆಯ ಮೇಲೆ ಕೂತುಬಿಟ್ಟರು.

ಕೂತಲ್ಲಿಂದಲೇ, 'ಪಾಕ್' ಎಂಬ ಮರ್ಯಾದೆಯ ಮಾತನ್ನೂ ಬಿಡದೆ ಕೇಳಿದರು: "ಪಾಕ್ ಪೊನಿಮನ್, ನೀವೂ ಮದುವೆಗೇನಾ? ಹಾಗಿದ್ರೆ ಅರ್ಧ ಬಾಡಿಗೆ ನಿಮ್ದು."

ಅವನಿಗೆ ನೋವಾದದ್ದು ತೊಡೆಯಲ್ಲಲ್ಲ. ಹುಡುಕಬೇಕಾದವಳು ಹುಡುಕಿರಲೇ ಇಲ್ಲ. ಎಣಿಕೆ ಮುಗಿಸಿ, ಅಪ್ಪನನ್ನು ಮರೆತು, ಎದುರುಮನೆಯ ಅಜ್ಜನ ಬೆನ್ನೇರಿ ಕುದುರೆ ಓಡಿಸುತ್ತಿದ್ದಳು.

ಪೊನಿಮನ್ ಸಂತೆಯ ಮುಂದೆ ಗಾಡಿ ನಿಲ್ಲಿಸಿಕೊಡುವವ. ನಾವು ಗಾಡಿ ತಂದು ನಿಲ್ಲಿಸುವಾಗ ಎಲ್ಲಿಯೂ ಕಾಣದೆ, ಹೊರಡಲು ಕೀಲಿ ತಿರುಗಿಸಿದೊಡನೆ ನೆಲ ಸೀಳಿ ಎದ್ದವನಂತೆ ಸೀಟಿ ಊದುತ್ತ ಕಾಸಿಗೆ ಪ್ರತ್ಯಕ್ಷನಾಗುವುದು ಈ ಕಸುಬಿನ ಧರ್ಮ. ಅಡಗುವುದು ಹೇಗೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಮನೆಯಲ್ಲಿ ಕೀಲಿ ತಿರುಗಿಸುವವರು ಯಾರು?

ಇನ್ನೊಂದು ಸಂಜೆ ಅವನೇ ಮಗಳ ಆಟದ ಕಾರುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಬಲಕ್ಕೆ, ಬಲಕ್ಕೆ, ಇನ್ನೊಂಚೂರು... ಸಾಕು." ನೋಡುತ್ತಿದ್ದಂತೆ ಎಲ್ಲವೂ ಗೋಡೆಯುದ್ದಕ್ಕೂ ಓರೆಯಾಗಿ, ಒಂದರ ಬಾಗಿಲು ಇನ್ನೊಂದಕ್ಕೆ ತಗಲದಂತೆ ನಿಂತವು. ಅವನು ಹೆಮ್ಮೆಯಿಂದ ಮಗಳ ಮುಖ ನೋಡಿದ.

"ಈಗೇನು?" ಎಂದಳು ಲಾರಸ್.

"ಈಗ... ಇರ್ಲಿ, ನಿಂತಿರ್ಲಿ."

"ಅಪ್ಪಾ, ಕಾರು ಓಡ್ಬೇಕು. ನಿಂತ್ರೆ ಅದು ಆಟ ಅಲ್ಲ." ಎರಡು ಕಾರು ಎತ್ತಿಕೊಂಡು ಅಜ್ಜನ ಮನೆಗೆ ನಡೆದೇಬಿಟ್ಟಳು.

ಅಂದು ಅವನು ನಮ್ಮ ಜಗಲಿಗೆ ಬಂದು ಕೂತ. ಓಡಾಟ, ಪರದಾಟ, ಹೆಣಗಾಟ, ಬಿಸಿಲಲ್ಲಿ ಒದ್ದಾಟ ಎಲ್ಲ ಬಲ್ಲವನಿಗೆ ಬರಿಯ ಆಟವೊಂದು ಬಾರದು. ನಗಬೇಕೆಂದುಕೊಂಡೆ, ನಗು ಬರಲಿಲ್ಲ.

"ಆ ಮುದುಕಪ್ಪ ಏನ್ ಮಾಡ್ತಾರೆ ಅಂತ ನೋಡಿದೀನಿ ಅಕ್ಕಾ," ಎಂದ. "ಏನೂ ಮಾಡಲ್ಲ. ಸುಮ್ನೆ ಬಗ್ತಾರೆ. ನಾನೂ ಬಗ್ಗಿದೆ. 'ನೀನು ಕುದುರೆ ಥರ ಇಲ್ಲ, ಏನೋ ಬಿದ್ದೋಯ್ತು ಅಂತ ಹುಡುಕೋರ ಥರ ಇದೀಯ' ಅಂದ್ಲು."

"ಚಿಕ್ಕವರಿದ್ದಾಗ ನೀವೇನು ಆಡ್ತಿದ್ರಿ?"

"ಅಪ್ಪನ ಕೈಗಾಡಿ ಹಿಂದಿಂದ ತಳ್ತಿದ್ದೆ. ಆಟ ಅಂದ್ರೆ ಬೇರೆ ಮಕ್ಕಳು ಮಾಡೋ ಕೆಲ್ಸ ಅಂದ್ಕೊಂಡಿದ್ದೆ." ಎದುರುಮನೆಯಿಂದ ಮಗಳ ಕೇಕೆ ಕೇಳಿಸಿತು. ಅವನು ಆ ಕಡೆ ಕಿವಿ ಕೊಟ್ಟು ಮೆಲ್ಲಗೆ ಹೇಳಿದ: "ಒಂದೇ ಒಂದ್ಸಲ 'ಅಪ್ಪಾ, ಆಡೋಕ್ ಬಾ' ಅಂತ ಅವಳಾಗೇ ಕರೀಲಿ. ಸಾಕು."

ಆಮೇಲೆ ಅಜ್ಜ ದೊಡ್ಡ ಮಗಳ ಊರಿಗೆ ಹೋದರು. ಲಾರಸ್ ಒಂಟಿಯಾಗಿ ನಮ್ಮ ಜಗಲಿಯ ಕೆಳಗೆ ಸಂತೆಯಾಟ ಹೂಡಿದಳು. ದಾಸವಾಳದ ಎಲೆ ಹೆಚ್ಚಿದ ಪಲ್ಯ, ಮರಳಿನ ಅನ್ನ, ಗಿರಾಕಿಗಳಾಗಿ ಕಿವಿ ಹರಿದ ಮೊಲ ಮತ್ತು ಒಂದು ಬಾಟಲಿ. ಗಿರಾಕಿ ಸಾಲದೆಂದು ಕಂಡಿತೋ ಏನೋ, ತನ್ನ ಮನೆ ಬಾಗಿಲಲ್ಲಿ ನಿಂತಿದ್ದ ಪೊನಿಮನ್ನನತ್ತ ತಲೆಯೆತ್ತದೆ ಕೂಗಿದಳು:

"ಅಪ್ಪಾ, ಬಾ. ಊಟಕ್ಕೆ."

ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಬಂದು ಬಾಟಲಿಯ ಹಿಂದೆ ಸಾಲು ನಿಂತ. ಸರದಿ ಬಂದಾಗ ಬಾಳೆಯೆಲೆಯ ದೊನ್ನೆಯನ್ನು ಎರಡೂ ಕೈಯಲ್ಲಿ ತಗೊಂಡು, ಪಿಸುಗುಟ್ಟಿದ: "ನಿಜವಾಗ್ಲೂ ತಿನ್ಬೇಕಾ?"

"ಮತ್ತೆ? ಬಿಸಿ ಇದೆ, ಊದ್ಕೊಂಡು ತಿನ್ನು."

ಅವನು ಊದಿದ. ಬಹಳ ಹೊತ್ತು ಊದಿದ. ನಾನು ಒಲೆ ನೋಡಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ದೊನ್ನೆ ಖಾಲಿಯಾಗಿತ್ತು, ಹುಡುಗಿ ಮೊಲಕ್ಕೆ ಎರಡನೇ ಸಲ ಬಡಿಸುತ್ತಿದ್ದಳು.

ಅವನು ಜಗಲಿ ಹತ್ತಿ ನನ್ನ ಪಕ್ಕ ಕೂತ.

"ಕೊನೆಗೂ ಕರೆದ್ಲಲ್ಲ ಪಾಕ್. ಹೇಗಿತ್ತು?"

ಪೊನಿಮನ್ ನಾಲಿಗೆಯಿಂದ ಹಲ್ಲು ತಡವಿಕೊಂಡು ಯೋಚಿಸಿದ.

"ಉಪ್ಪು ಒಂಚೂರು ಕಮ್ಮಿ."