ಬೇಕಾದವರೊಬ್ಬರು ಕಳಿಸ್ಯಾರ

ರೋಣದ ಬಸ್‌ಸ್ಟ್ಯಾಂಡಿನ ಹಿಂದಿರೋ ಸುಭಾನಸಾಬನ ಅಂಗಡಿ ಈಗ ಹೊಸಬರ ಕಣ್ಣಿಗೆ ಬೀಳೂದಿಲ್ಲ. ಮೊಬೈಲಿಗೆ ಗಾಜು ಹಾಕತಾನ, ಚಾರ್ಜರ್ ಮಾರತಾನ, ಅಷ್ಟ. ಆದ್ರ ಹದಿನೈದು ವರ್ಷದ ಹಿಂದ ಸಂತಿ ದಿನ ಆ ಅಂಗಡಿ ಮುಂದ ನಿಲ್ಲಾಕ ಜಾಗಾ ಸಿಗತಿದ್ದಿಲ್ಲ ಅಂದ್ರ ನೀವು ನಂಬಬೇಕು. ಆಗ ನಮ್ಮ ಹಳ್ಳಿಗೋಳಾಗ ಇಂಟರ್ನೆಟ್ ಎಲ್ಲಿತ್ತು? ಹಾಡ ಬೇಕಂದ್ರ ಮೆಮೊರಿ ಕಾರ್ಡ್ ಹಿಡಕೊಂಡು ಅಂಗಡಿಗೆ ಬರಬೇಕು, ಅಂಗಡಿಯಾಂವ ತನ್ನ ಕಂಪ್ಯೂಟರಿನಿಂದ ತುಂಬಿ ಕೊಡಬೇಕು.

ಹಂಗ ತುಂಬೋರು ರೋಣದಾಗ ಇನ್ನೂ ನಾಕು ಮಂದಿ ಇದ್ದರು. ಆದ್ರ ಸುಭಾನಸಾಬ ಸುಮ್ಮನ ತುಂಬಾಂವಲ್ಲ. ಕಾರ್ಡ್ ಕೈಗೆ ತಗೊಂಡಕೂಡ್ಲೆ ಕೇಳಾಂವ: "ಹೋದ ಸಲದ್ದರಾಗ ಯಾವದು ಮನಸಿಗೆ ಹತ್ತಿತು? ಅದನ್ನ ಯಾರಿಗೆ ಮುಟ್ಟಸಲಿ?" ಯಾರರೆ ಒಂದು ಭಜನಿ ಪದ ಹೇಳಿ, "ನರಗುಂದದ ನಮ್ಮ ಬೀಗರು ಇದನ್ನ ಕೇಳಬೇಕ ನೋಡು" ಅಂದ್ರ ಮುಗೀತು. ಬೀಗರು ಯಾವಾಗ ರೋಣಕ್ಕ ಬಂದರೂ ಅವರ ಕಾರ್ಡಿನ್ಯಾಗ ಆ ಪದ ಕುಂತಿರತಿತ್ತು. ಪದದ ಮುಂದ ಸುಭಾನಸಾಬನ ದನಿ: "ಇದನ್ನ ಇಂಥಾ ಊರಿನ ಇಂಥವರು ಕೇಳ್ರಿ ಅಂದಾರ." ಯಾರು ಕಳಿಸಿದರು, ಯಾರಿಗೆ ಮುಟ್ಟಿತು, ಯಾವ ತಾರೀಖು, ಯಾವ ಪದ, ಎಲ್ಲಾ ಒಂದು ವಹಿಯೊಳಗ ಬರದಿಡತಿದ್ದ.

ಮಂದಿಗೆ ಹುಚ್ಚ ಹಿಡೀತು ನೋಡ್ರಿ. ಮಾತಾಡಲಾರದವರು ಹಾಡಿನ್ಯಾಗ ಮಾತಾಡಿದರು. ಯಾರು ಯಾರಿಗೆ ಏನು ಕಳಿಸಿದರು ಅನ್ನೋದು ಸುಭಾನಸಾಬನ ಹೆಂಡತಿ ಮದರಬಿಗೂ ಗೊತ್ತಾಗತಿದ್ದಿಲ್ಲ. "ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು" ಅಂತಿದ್ದ. ತನ್ನ ಬಾಯಿ ಗಟ್ಟಿ ಅಂತ ಅವಗ ಒಳಗೊಳಗ ಭಾಳ ಸೊಕ್ಕು ಇತ್ತು. ಆ ಸೊಕ್ಕಿನ ಕತಿನ ಇದು.

ಈ ಚಳಿಗಾಲದಾಗ ಹುಬ್ಬಳ್ಳಿಯ ವಕೀಲರ ಆಫೀಸಿನಿಂದ ದೇವಿಕಾ ಅನ್ನೋ ಹುಡುಗಿ ಅಂಗಡಿಗೆ ಬಂದಳು. ಇದೇ ಸೀಮಿಯಾಕಿ. ಸಣ್ಣಾಕಿದ್ದಾಗ ಅತ್ತಿ ಕೈ ಹಿಡಕೊಂಡು ಇದೇ ಅಂಗಡಿಗೆ ಬಂದಿದ್ದಳಂತ.

"ಕಾಕಾ, ಪರದೇಶದ ಒಂದು ಕಂಪನಿ ಪೇಟೆಂಟ್ ತಗೊಂಡೈತ್ರಿ," ಅಂದಳು. "ಒಬ್ಬರು ಮೆಚ್ಚಿದ ಹಾಡೋ ವಿಡಿಯೋನೋ ಇನ್ನೊಬ್ಬರಿಗೆ ಹೆಸರ ಸಮೇತ ದಾಟಸೋ ಪದ್ಧತಿ ಮೊದಲ ಕಂಡುಹಿಡಿದವರು ತಾವ ಅಂತ. ಇನ್ನಮುಂದ ಹಂಗ ಮಾಡೋರೆಲ್ಲಾ ಅವರ ಪರವಾನಗಿ ತಗೋಬೇಕು. ಹುಬ್ಬಳ್ಳಿಯ ನಾಕು ಹೆಣ್ಣಮಕ್ಕಳು ಜಾನಪದ ಹಾಡಿಂದ ಸಣ್ಣ ಆ್ಯಪ್ ಮಾಡ್ಯಾರ, ಅವರಿಗೂ ನೋಟಿಸ್ ಬಂದೈತಿ."

ಸುಭಾನಸಾಬ ಗಾಜು ಒರಸೋ ಅರಿಬಿ ಕೆಳಗಿಟ್ಟ. "ಅಲ್ಲವಾ, ಬೀಗರಿಗೆ ಹೋಳಿಗಿ ಕಳಸಾಕೂ ಇವರ ಪರವಾನಗಿ ಬೇಕೇನು?"

"ಅದಕ್ಕ ಬಂದೀನ್ರಿ. ಅವರು ಅರ್ಜಿ ಹಾಕಿದ್ದು 2012ರಾಗ. ಅದಕ್ಕೂ ಮೊದಲ ನೀವು ಎಲ್ಲಾರ ಮುಂದ ಇದನ್ನ ಮಾಡತಿದ್ರಿ ಅಂತ ಪುರಾವೆ ಕೊಟ್ಟರ ಆ ಪೇಟೆಂಟ್ ಬಿದ್ದು ಹೋದೀತು."

ಪರದೇಶದವರಕಿಂತ ತಾ ಮೊದಲಿಗ! ಅರವತ್ತರ ಹೊಸ್ತಿಲಾಗ ನಿಂತ ಮನಶ್ಯಾಗ ಆ ಮಾತು ಎಷ್ಟು ಖುಷಿ ಕೊಟ್ಟಿತು ಅಂತೀರಿ! ಅಟ್ಟದ ಮ್ಯಾಲಿಂದ ಹಳೇ ವಹಿಗೋಳನ್ನ ಇಳಿಸಿದ. ಎಲ್ಲಾ ಗೆದ್ದಲ ತಿಂದು ಮಣ್ಣಾಗಿದ್ದವು. ಉಳಿದದ್ದು ಒಂದ ಒಂದು, 2010–11ರದು. ದೇವಿಕಾ ಹಾಳಿ ತಿರುವಿಕೋತ ಹೋಗಿ ಒಂದು ಕಡೆ ಬೆರಳಿಟ್ಟಳು.

"ಕಾಕಾ, ಉಳಿದವರದು ಬರೇ ಕಳಿಸಿದ್ದೈತಿ. ಇಲ್ಲಿ ಹೋಗಿದ್ದು, ತಿರಗಿ ಬಂದದ್ದು ಎರಡೂ ಅದಾವ. ಹೊಳೆಮಣ್ಣೂರಿನ ಗುರುಸಂಗಪ್ಪ, ಒಂದೂವರಿ ವರ್ಷ. ಆದ್ರ ಈ ಕಡೆಯವರ ಹೆಸರ ಇಲ್ಲಲ್ರಿ? 'ಬೇಕಾದವರು' ಅಂತ ಬರದೀರಿ. ಯಾರಿವರು? ಅದಾರೇನು? ಅವರದೊಂದು ಹೇಳಿಕಿ, ಒಂದು ಸಹಿ ಸಿಕ್ಕರ ನಮ್ಮ ಪುರಾವೆ ಗಟ್ಟಿ ಆಗತದ."

ಸುಭಾನಸಾಬನ ಮಾರಿ ಕಪ್ಪಿಟ್ಟಿತು. "ಗುರುಸಂಗಪ್ಪಣ್ಣ ತೀರಿಕೊಂಡು ಹದಿನಾಕು ವರ್ಷಾತು. ಕಳಿಸಿದಾಕಿ ಅದಾಳ," ಅಂದ. "ನಾಳೆ ಬಾರವಾ. ನನಗೊಂದು ದಿನ ಕೊಡು."

ಆಕಿ ಗುರುಸಂಗಪ್ಪನ ಒಡಹುಟ್ಟಿದ ತಂಗಿ ಸಿದ್ದಲಿಂಗವ್ವ. ಇಟಗಿಗೆ ಕೊಟ್ಟಿದ್ದರು. 2009ರಾಗ ಮಲಪ್ರಭಾ ಉಕ್ಕಿ ಊರೊಳಗ ಹೊಕ್ಕಾಗ ಹೊಳೆಮಣ್ಣೂರಾಗ ಅವರ ಅವ್ವ ತೀರಿಕೊಂಡಳು. ದಾರಿ ಎಲ್ಲಾ ನೀರಾಗ. ನೀರು ಹೊಸ್ತಿಲಿಗೆ ಬಂದಿತ್ತು, ಗುರುಸಂಗಪ್ಪ ತಂಗಿ ದಾರಿ ಕಾಯದ ಎತ್ತರದ ಹೊಲದಾಗ ಮಣ್ಣ ಮಾಡಿದ. ಮೂರನೇ ದಿನ ಕೆಸರ ತುಳಕೊಂಡು ಬಂದ ಸಿದ್ದಲಿಂಗವ್ವ, "ಹಡದವ್ವನ ಮಾರಿ ನೋಡಗೊಡಲಿಲ್ಲಲ್ಲೋ! ಇನ್ನ ನಿನ್ನ ಹೊಸ್ತಿಲ ತುಳದರ ಕೇಳು" ಅಂದು ಹೊಳ್ಳಿ ಹೋದಳು. "ನೀರು ನಿನ್ನ ಕೇಳಿ ಬರತೈತೇನು?" ಅಂತ ಅವನೂ ಸಿಟ್ಟಾದ. ಇಬ್ಬರದೂ ಖರೇನ, ಇಬ್ಬರೂ ಹಟಮಾರಿಗಳ.

ವರ್ಷ ಕಳದಿರಲಿಲ್ಲ, ಆಕಿ ಅಂಗಡಿಗೆ ಬಂದಳು. ಸುಭಾನಸಾಬನ ಹಂತ್ಯಾಕ ಸುತ್ತಮುತ್ತಲಿನ ಹಳ್ಳಿ ಹೆಣ್ಣಮಕ್ಕಳು ಹಾಡಿದ ಸೋಬಾನ, ಬೀಸುಕಲ್ಲಿನ ಪದ ಇದ್ದವು. ಅದರಾಗ ತಮ್ಮವ್ವ ಹಾಡತಿದ್ದದ್ದು ಹುಡಕಿ, "ಇದನ್ನ ನಮ್ಮಣ್ಣಗ ಮುಟ್ಟಸು. ಹೆಸರ ಮಾತ್ರ ಹೇಳಬ್ಯಾಡ" ಅಂದಳು. ದರ್ಗಾದ ಕಡೆ ಮಾರಿ ಮಾಡಿಸಿ ಆಣಿ ಹಾಕಿಸಿದಳು. ಸುಭಾನಸಾಬ ಪದದ ಮುಂದ ತನ್ನ ದನಿಯೊಳಗ ಹೇಳಿದ: "ಇದನ್ನ ನಿಮಗ ಬೇಕಾದವರೊಬ್ಬರು ಕಳಿಸ್ಯಾರ." ಗುರುಸಂಗಪ್ಪ ಅಲ್ಲೇ ಅಂಗಡಿ ಕಟ್ಟಿ ಮ್ಯಾಲೆ ಕುಂತು ಕೇಳಿ, ಧೋತರದ ಚುಂಗಿನಿಂದ ಕಣ್ಣ ಒರಸಿಕೊಂಡು, "ಅವರಿಗೂ ನಂದೊಂದು ಕಳಸು" ಅಂದ. ಹಿಂಗ ನಡೀತು.

2011ರ ಶ್ರಾವಣದಾಗ ಗುರುಸಂಗಪ್ಪ ಬಂದ. ಮೈ ಇಳದಿತ್ತು, ದವಾಖಾನಿಯಿಂದ ನೆಟ್ಟಗ ಬಂದಿದ್ದ.

"ಸುಭಾನಾ, ಖರೇ ಹೇಳು. ಕಳಸಾಕಿ ನಮ್ಮ ಸಿದ್ದವ್ವ ಹೌದಲ್ಲೋ? ಹೌದಂದ್ರ ಈಗಿಂದೀಗ ಇಟಗಿ ಬಸ್ ಹತ್ತತೀನಿ. ನಂದ ತಪ್ಪು ಅಂತ ಅಕಿ ಕಾಲಿಗೆ ಬೀಳಾಕೂ ತಯಾರದೀನಿ."

ಸುಭಾನಸಾಬ ತುಟಿ ಪಿಟಕ್ ಅನ್ನದ ಕುಂತಿದ್ದರೂ ಅಂವ ಬಸ್ ಹತ್ತತಿದ್ದ. ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಏನರೆ ಒಂದು ಅಂದಿದ್ದರೂ ನಡೀತಿತ್ತು. ಆದ್ರ ಆಣಿ ಹಾಕ್ಯಾನಲ್ಲ, ಗಟ್ಟಿ ಬಾಯಿ ಮನಶ್ಯಾ! ಆಣಿ ಉಳಸೋ ಭರದಾಗ, "ಅಲ್ರಿ, ಅವರಲ್ಲ. ಗಜೇಂದ್ರಗಡದ ಕಡೆಯ ಒಬ್ಬ ಹೆಣ್ಣಮಗಳು" ಅಂದುಬಿಟ್ಟ.

ಗುರುಸಂಗಪ್ಪ, "ಗುರತಿಲ್ಲದ ಹೆಣ್ಣಮಗಳ ಕೂಡ ನಂದೇನು ಹಾಡ ಕೊಡೋದು ತಗೊಳ್ಳೋದು? ಛೇ, ಚಲೋ ಅಲ್ಲಪ್ಪ. ಇನ್ನ ಸಾಕಮಾಡು" ಅಂದು ಎದ್ದು ಹೋದ. ಮತ್ತ ಅಂಗಡಿಗೆ ಬರಲಿಲ್ಲ. ಸಿದ್ದಲಿಂಗವ್ವ ಎರಡು ಸಂತಿ ಬಂದು, "ನನಗೇನೂ ಬಂದಿಲ್ಲೇನು?" ಅಂತ ಕೇಳಿದಳು. "ಇಲ್ರಿ ಅಕ್ಕಾ" ಅಂದ. ಆಕಿನೂ ಅಂಗಡಿಗೆ ಬರೋದು ಬಿಟ್ಟಳು. ದೀಪಾವಳಿ ಮುಂದ ಗುರುಸಂಗಪ್ಪ ತೀರಿಕೊಂಡ. ತಂಗಿ ಮಣ್ಣಿಗೆ ಬರಲಿಲ್ಲ ಅಂತ ಊರ ಮಂದಿ ಆಕಿಗೆ ಬಾಯಿಗೆ ಬಂದಂಗ ಅಂದರು. ಯಾಕ ಬರಲಿಲ್ಲ ಅನ್ನೋದು ಗೊತ್ತಿದ್ದಾಂವ ರೋಣದಾಗ ಮೆಮೊರಿ ಕಾರ್ಡ್ ತುಂಬಕೋತ ಕುಂತಿದ್ದ.

ಈಗ ಆಕಿ ಸಹಿ ಕೇಳಾಕ ಹೋಗಬೇಕು. ಸಹಿ ತಗೊಂಡು ಸುಮ್ಮನ ಬರಬಹುದು, ಯಾರಿಗೂ ಏನೂ ಗೊತ್ತಾಗೂದಿಲ್ಲ. ಅವತ್ತ ರಾತ್ರಿ ಎಲ್ಲಾನೂ ಮದರಬಿ ಮುಂದ ಹೇಳಿಕೊಂಡ. ಮದರಬಿ ಒಂದ ಮಾತಿನ್ಯಾಗ ಅಂದಳು: "ನಿಮ್ಮ ಹೆಸರ ದೊಡ್ಡದಾಗಲಿ ಬಿಡ್ರಿ. ಆದ್ರ ಆಕಿ ಮಾರಿ ನೋಡಿ ಚಾ ಕುಡದ ಬರಾಕ ನಿಮಗ ಆದೀತೇನು?"

ಮರುದಿನ ಮುಂಜಾನಿ ದೇವಿಕಾಳ ಕಾರಿನ್ಯಾಗ ಇಟಗಿಗೆ ಹೋದರು. ಸಿದ್ದಲಿಂಗವ್ವ ಪಡಸಾಲಿಯೊಳಗ ಕಡ್ಲಿ ಹಸನು ಮಾಡಕೋತ ಕುಂತಿದ್ದಳು. ತಲಿ ಪೂರಾ ಬೆಳ್ಳಗಾಗಿತ್ತು.

"ಅಯ್ಯ, ಸುಭಾನ! ಬಾರಪಾ ತಮ್ಮಾ. ಮಾತಾಡಿ ಎಷ್ಟು ವರ್ಷಾತೋ!"

ದೇವಿಕಾ ಎಲ್ಲಾ ತಿಳಿಸಿ ಹೇಳಿದಳು. ಸಿದ್ದಲಿಂಗವ್ವ ನಕ್ಕಳು. "ನಾವು ಅಣ್ಣ-ತಂಗಿ ಹಾಡ ಕಳಿಸಿಕೊಂಡದ್ದೂ ಯಾರದರೆ ಸ್ವತ್ತ ಆಗತದೇನು? ತಾ ಇಲ್ಲಿ, ನನ್ನ ಹೆಸರ ಹೇಳಾಕ ಇನ್ನ ಯಾರ ಅಂಜಿಕಿ? ಇದ್ದಾಂವ ಹೋದ." ಚಷ್ಮಾ ಹಾಕೊಂಡು ಸಾವಕಾಶ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಕೆಲಸ ಆಗಿತ್ತು. ಚಾ ಬಂತು. ದೇವಿಕಾ ಕಾಗದ ಚೀಲದಾಗ ಇಟ್ಟುಕೊಂಡಳು. ಸಿದ್ದಲಿಂಗವ್ವ ಮೊರ ಬಾಜೂಕ ಸರಿಸಿದಳು.

"ಒಂದ ಮಾತು ತಮ್ಮಾ. ನೀ ಆಣಿ ಮುರದಿಲ್ಲ ಅಂತ ನನಗ ಗೊತ್ತು. ಆದ್ರ ಹಾಡ ಗುರತ ಹಿಡದು ಅಂವ ತಾನಾಗೇ ತಿಳಕೊಂಡ. ಕಳಸಾಕಿ ನಾ ಅಂತ ತಿಳದಮ್ಯಾಲ ನಿಲ್ಲಿಸಿದ. ಅಷ್ಟು ಬ್ಯಾಡಾಗಿದ್ನಿ ಅವಗ. ಅದಕ್ಕ ಮಣ್ಣಿಗೂ ಹೋಗಲಿಲ್ಲ ನಾನು." ಹೇಳೋವಾಗ ಆಕಿ ಧ್ವನಿಯೊಳಗ ಸಿಟ್ಟ ಇರಲಿಲ್ಲ, ಎಂದೋ ಒಪ್ಪಿಕೊಂಡ ಮಾತಿನಂಗಿತ್ತು.

ಸುಭಾನಸಾಬ ಚಾದ ಕಪ್ಪು ಕೆಳಗಿಟ್ಟ. ಈಗ ಬಾಯಿ ಮುಚ್ಚಿದರ ಸಾಯೋತನ ಮುಚ್ಚಿರಬೇಕು ಅನ್ನೋದು ಅವಗ ತಿಳೀತು.

"ಇಲ್ಲ ಅಕ್ಕಾ. ಅಂವ ನನ್ನ ಕೇಳಿದ್ದ. ಹೌದಂದ್ರ ಈಗ ಬಸ್ ಹತ್ತತೀನಿ, ಕಾಲಿಗೆ ಬೀಳತೀನಿ ಅಂದಿದ್ದ. ನಾನ 'ಅವರಲ್ಲ' ಅಂದ್ನಿ. ಬ್ಯಾರೆ ಹೆಣ್ಣಮಗಳು ಅಂತ ಸುಳ್ಳ ಹೇಳಿದ್ನಿ. ಅದಕ್ಕ ನಿಲ್ಲಿಸಿದ. ನೀವಂತ ತಿಳದು ನಿಲ್ಲಿಸಲಿಲ್ಲ, ಅಲ್ಲಂತ ತಿಳದು ನಿಲ್ಲಿಸಿದ."

ಸಿದ್ದಲಿಂಗವ್ವ ಅಳಲಿಲ್ಲ. ದೇವಿಕಾ ತಲಿ ತಗ್ಗಿಸಿದಳು.

"ಹೆಸರ ಹೇಳಬ್ಯಾಡ ಅಂದಿದ್ನಿ," ಅಂದಳು ಸಿದ್ದಲಿಂಗವ್ವ. "ಸುಳ್ಳ ಹೇಳಂದಿದ್ನೇನೋ ಮೂಳಾ?"

"ಅಂದಿರಲಿಲ್ರಿ."

"ಹದಿನಾಕು ವರ್ಷ! ಸಂತಿಗೊಮ್ಮೆ ರೋಣಕ್ಕ ಬರತಿದ್ನಲ್ಲೋ, ಒಂದ ದಿನ ಕೂಗಿ ಕರದಿದ್ದರ ಏನ ಹೋಗತಿತ್ತು ನಿನ್ನ ಗಂಟು?"

"ಅಂಜಿದ್ನಿ ಅಕ್ಕಾ," ಅಂದ ಸುಭಾನಸಾಬ.

ಆಕಿ ಎದ್ದು ಒಳಗ ಹೋಗಿ, ಸೀರಿ ಬದಲ ಮಾಡಿ, ಹಣಿತುಂಬ ವಿಭೂತಿ ಹಚ್ಚಿಕೊಂಡು ಹೊರಗ ಬಂದಳು. "ನಡೀವಾ ತಂಗಿ, ನಿನ್ನ ಗಾಡಿಯೊಳಗ ಹೊಳೆಮಣ್ಣೂರಿಗೆ ಬಿಡು. ಇಂವ ಬರಲಿ. ಸುಳ್ಳ ಯಾರಿಗೆ ಹೇಳ್ಯಾನೋ ಅವಗ ಖರೇ ಹೇಳಲಿ."

ಹೊಳೆಮಣ್ಣೂರಿನ ಎತ್ತರದ ಹೊಲದಾಗ ಬಿಳಿಜ್ವಾಳ ತೆನಿ ಹಿಡದಿತ್ತು. ಬದುವಿನ ಬಾಜೂಕ ಎರಡು ಗದ್ದಿಗಿ, ತಾಯಿದೊಂದು, ಮಗಂದೊಂದು. ಸಿದ್ದಲಿಂಗವ್ವ ಚಪ್ಪಲಿ ಬಿಟ್ಟು ಎರಡಕ್ಕೂ ಕೈ ಮುಗದು ದೂರ ನಿಂತಳು. ಸುಭಾನಸಾಬ ಟೊಪಗಿ ಸರಿಮಾಡಿಕೊಂಡು ಗುರುಸಂಗಪ್ಪನ ಗದ್ದಿಗಿ ಮುಂದ ಕುಂತ. ತುಟಿಯೊಳಗ ಏನೋ ಅಂದ.

"ಜೋರಾಗಿ ಹೇಳು," ಅಂದಳು ಆಕಿ ಹಿಂದಿನಿಂದ. "ಅವಗ ಕೇಳಸಬೇಕು."

"ಗುರುಸಂಗಪ್ಪಣ್ಣ," ಅಂದ ಸುಭಾನಸಾಬ, ಹೊಲಕ್ಕೆಲ್ಲಾ ಕೇಳಿಸೋಹಂಗ. "ಅವತ್ತ ನಾ ಸುಳ್ಳ ಹೇಳಿದ್ನಿ. ನೀ ಕೇಳಿದ್ದು ಖರೇ ಇತ್ತು. ಕಳಸತಿದ್ದಾಕಿ ನಿನ್ನ ತಂಗಿನ. ಬಂದಾಳ ನೋಡು, ಇಲ್ಲೇ ನಿಂತಾಳ."

ಆಗ ಸಿದ್ದಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳಕೋತ ಬಂದು ಅಣ್ಣನ ಗದ್ದಿಗಿ ಬಾಜೂಕ, ಸುಭಾನಸಾಬನ ಸನೇಕನ ಕುಂತಳು. ಅವಗ ಎದ್ದು ಹೋಗು ಅನ್ನಲಿಲ್ಲ.