ನೀಲಿ ಪೆನ್ಸಿಲಿನ ಕೇರಿ

ಮೊನ್ನೆ ಟ್ರಂಕಿನ ತಳದಲ್ಲಿ ಹಳೆಯ ಲಕೋಟೆಯೊಂದು ಸಿಕ್ಕಿತು. ಅಂಟಿನ ಹುಳಿವಾಸನೆ ಇನ್ನೂ ಹೋಗಿರಲಿಲ್ಲ. ವಿಳಾಸದಲ್ಲಿದ್ದ ‘ಪೇಟೆ ಓಣಿ, ಬೈಲಹೊಂಗಲ’ದ ಮೇಲೆ ನೀಲಿ ಪೆನ್ಸಿಲಿನ ಗೀಟು. ಪಕ್ಕದಲ್ಲಿ ‘ಕೇರಿ’ ಎಂಬ ತಿದ್ದುಪಡಿ. ಆ ಅಕ್ಷರ ನಮ್ಮ ಕೇರಿಗೆ ಟಪಾಲು ತರುತ್ತಿದ್ದ ಕಾಕಾನದು...

ತೊಂಬತ್ತರ ದಶಕದ ಕೊನೆ. ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದೆ. ಸೀಟು ಸಿಗದಿದ್ದರೆ ಮದುವೆಯೇ ಎಂದು ಅವ್ವ ಹೇಳಿಬಿಟ್ಟಿದ್ದಳು. ಕೇರಿ ಎಂದರೆ ಸಾಕು, ನಮ್ಮ ಜಾತಿ ತಿಳಿದು ಮಂದಿಯ ಮುಖ ಬದಲಾಗುತ್ತಿತ್ತು. ಅದಕ್ಕೇ ಪೇಟೆ ಓಣಿ ಎಂದು ಬರೆದಿದ್ದೆ. ಜಾತಿ ಪ್ರಮಾಣಪತ್ರ ಜೋಡಿಸಿ, ಮೇಲೆ ಸುಳ್ಳು ವಿಳಾಸ! ಎಂಥ ಶಾಣ್ಯಾತನ ನೋಡಿ. ಉತ್ತರದ ಪತ್ರವೂ ಪೇಟೆ ಓಣಿಗೇ ಹೋಗುತ್ತದೆ ಎಂಬುದು ಹೊಳೆದದ್ದು ಆಮೇಲೆ.

ಬೇವಿನ ನೆರಳು ತೂಕಡಿಸುವಂಥ ಒಂದು ಮಧ್ಯಾಹ್ನ ಸೈಕಲ್ ಗಂಟೆ ಕೇಳಿತು. ಕೇರಿಯ ಬಾಯಲ್ಲಿ ನಿಂತು ಹೆಸರು ಕೂಗುವುದು ಕಾಕಾನ ರೂಢಿ. ಅಂದು ಕೂಗಿದ್ದು ನನ್ನ ಹೆಸರು. ಸಾಲುಮನೆಗಳ ಬಾಗಿಲೆಲ್ಲ ತೆರೆದವು.

“ಪ್ಯಾಟಿ ಓಣ್ಯಾಗ ಮೂರು ದಿನ ತಿರುಗೇನಿ. ಕೇರಿ ಅಂತ ಬರಿಯಾಕ ಕೈ ನಡುಗಿತೇನ್ ತಂಗಿ?”

ಎಲ್ಲರೆದುರು ಹೀಗೆ ಕೇಳಬೇಕೇ? ನನಗೆ ಉರಿದುಹೋಯಿತು. “ನಿಮಗೇನ್ರಿ ಗೊತ್ತು ನಮ್ಮ ನಾಚಿಕಿ!”

ಕಾಕಾ ನಕ್ಕರು. “ಒಂದು ಹೆಸರು ಕೂಗಿದ್ರ ಹತ್ತು ಬಾಗಿಲಾ ತೆರಿತಾವಲ್ಲ, ಅದಕ್ಕ ಕೇರಿ ಅಂತಾರ,” ಎಂದು ಲಕೋಟೆ ಕೊಟ್ಟು ಹೋದರು. ಸೀಟು ಸಿಕ್ಕಿತ್ತು. ಸಿಟ್ಟಿನಲ್ಲಿ ಉಪಕಾರವಾಯಿತು ಎಂದು ಒಂದು ಮಾತೂ ಆಡಲಿಲ್ಲ ನಾನು.

ರಾಮದುರ್ಗದಲ್ಲಿ ನೌಕರಿ ಸಿಕ್ಕಿ ಕೆಲವು ವರ್ಷಗಳ ಮೇಲೆ, ಕಾಕಾ ನಿವೃತ್ತರಾಗಿ ತಮ್ಮೂರು ಮುರಗೋಡಕ್ಕೆ ಹೋದರೆಂದು ತಿಳಿಯಿತು. ಪೇಡೆ ಕಟ್ಟಿಸಿಕೊಂಡು ಹೋದೆ. ಪೇಟೆಯಲ್ಲಿ ಕೇಳಿದೆ, ಮಠದ ಹತ್ತಿರ ಕೇಳಿದೆ, ಯಾರಿಗೂ ಗೊತ್ತಿಲ್ಲ. ಕಡೆಗೆ ಚಹಾದಂಗಡಿಯವನು, “ಟಪಾಲಿನವ್ರಾ? ಕೇರ್ಯಾಗ ಕೇಳ್ರಿ ಅಕ್ಕಾರ,” ಎಂದ.

ಕಾಕಾನೂ ನಮ್ಮವರೇ! ಅಲ್ಲಿ ಕೇಳಬೇಕೆಂದು ನನಗೇ ಹೊಳೆದಿರಲಿಲ್ಲವಲ್ಲ...

ಕೇರಿಯ ಬಾಯಲ್ಲಿ ನಿಂತು ಅವರ ಹೆಸರು ಕೂಗಿದೆ. ಒಂದೊಂದಾಗಿ ಬಾಗಿಲು ತೆರೆದವು. ಒಂದಕ್ಕೆ ಮಾತ್ರ ಬೀಗ.

“ಹೋದ ಶ್ರಾವಣದಾಗ ತೀರಿಕೊಂಡ್ರವ್ವಾ,” ಎಂದು ಅಜ್ಜಿಯೊಬ್ಬಳು ನೀರಿನ ತಂಬಿಗೆ ಕೊಟ್ಟಳು. ಪೇಡೆಯನ್ನು ಅಲ್ಲೇ ಹಂಚಿ ಬಂದೆ.

ಈಗ ವರ್ಗವಾಗಿ ಬಂದು ಬೈಲಹೊಂಗಲದ ನಮ್ಮ ಹಳೆಯ ಮನೆಯಲ್ಲೇ ಇದ್ದೇನೆ. ವಿಳಾಸ ಕೇಳಿದರೆ ಕೇರಿ ಎಂದೇ ಬರೆಯುತ್ತೇನೆ. ಕೈ ಇನ್ನೂ ಒಂಚೂರು ನಡುಗುತ್ತದೆ, ಕಾಕಾ...