ಮೇಡಂ ಹರಿಯದ ಕಾಗದ

ಹೋದ ವಾರ ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಗುಬ್ಬಿಯಿಂದ ಒಂದು ಬಟ್ಟೆ ಗಂಟು ಬಂತು. ಬಿಚ್ಚಿದ ತಕ್ಷಣ ನುಸಿಗುಳಿಗೆ ವಾಸನೆ ಮೂಗಿಗೆ ಬಡಿಯಿತು. ಒಳಗೆ ಒಂದು ಹಳೇ ಫೈಲು, ಅದರ ಮೇಲೆ ಒಂದಡಿಯ ಮರದ ಸ್ಕೇಲು. ಸ್ಕೇಲಿನ ಒಂದು ಅಂಚು ಇಂಕು ಕುಡಿದು ಕುಡಿದು ಕಪ್ಪಾಗಿತ್ತು. ತಂದುಕೊಟ್ಟವರು ಮೇಡಂ ಅವರ ಸೊಸೆ. “ಅತ್ತೆ ಬೀರೂಲಿ ಇತ್ತು, ಮೇಲೆ ನಿಮ್ಮ ಹೆಸರು ಬರೆದಿದ್ರು,” ಅಂದರು. ಕಾಫಿ ಕುಡಿದು ಹೊರಟುಹೋದರು. ನಾನು ಫೈಲು ತೆರೆಯಲಿಲ್ಲ. ಒಳಗೆ ಏನಿದೆ ಅಂತ ಗೊತ್ತಿತ್ತಲ್ಲ, ಅದಕ್ಕೇ ತೆರೆಯಲಿಲ್ಲ.

ತುಮಕೂರಿನ ಒಂದು ಪುಟ್ಟ ಪತ್ರಿಕೆಗೆ ನಾನು ವರದಿಗಾರ್ತಿಯಾಗಿ ಸೇರಿದಾಗ ಮೇಡಂಗೆ ಐವತ್ತು ದಾಟಿತ್ತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಕುಣಿಗಲ್ಲಿನಲ್ಲಿ ಸರ್ಕಾರಿ ಗುಮಾಸ್ತೆಯಾಗಿದ್ದವರು. ಸ್ವಯಂ ನಿವೃತ್ತಿ ತಗೊಂಡು ಪತ್ರಿಕೆಗೆ ಬಂದಿದ್ದರು. ಅಂಥ ಭದ್ರವಾದ ಕೆಲಸ ಯಾಕೆ ಬಿಟ್ಟಿರಿ ಅಂತ ಒಮ್ಮೆ ಕೇಳಿದ್ದೆ. “ಅಷ್ಟು ವರ್ಷ ಫೈಲು ಕಟ್ಟಿದ್ದಾಯ್ತು, ಇನ್ನು ಬಿಚ್ಚಿ ನೋಡಾಣ ಅಂತ ಬಂದೆ ಬುಡು,” ಅಂದಿದ್ದರು. ದಿನಾ ಗುಬ್ಬಿಯಿಂದ ರೈಲಲ್ಲಿ ಬರೋರು, ಕೈಯಲ್ಲಿ ಒಂದು ಬಟ್ಟೆ ಚೀಲ, ಚೀಲದಿಂದ ಹೊರಗೆ ಇಣುಕುವ ಈ ಸ್ಕೇಲು.

ಸ್ಕೇಲು ಗೆರೆ ಎಳೆಯೋದಕ್ಕಲ್ಲ. ಸರ್ಕಾರಿ ರಿಜಿಸ್ಟರ್ ಓದುವಾಗ ಕಣ್ಣು ಸಾಲು ಹಾರಬಾರದು ಅಂತ ಪ್ರತಿ ಸಾಲಿನ ಕೆಳಗೂ ಅದನ್ನು ಇಟ್ಟು, ಮೆಲ್ಲಗೆ ಕೆಳಗೆ ಜರುಗಿಸಿಕೊಂಡು ಹೋಗೋರು. ನಾನು ಗಟ್ಟಿಯಾಗಿ ಓದಬೇಕು, ಅವರು ಬರೆದುಕೊಳ್ಳಬೇಕು. ಮುಗಿದ ಮೇಲೆ ಅವರು ಓದೋದು, ನಾನು ತಾಳೆ ನೋಡೋದು. ನನಗೋ ತಲೆ ಚಿಟ್ಟು ಹಿಡಿದುಹೋಗೋದು. ಫೋಟೋ ಹೊಡ್ಕೊಂಡ್ರೆ ಆಯ್ತಲ್ಲ ಮೇಡಂ ಅಂದರೆ, “ಫೋಟೋ ನೋಡ್ತೀಯ, ಓದಲ್ಲ ಕಣೇ,” ಅನ್ನೋರು. ಇನ್ನೊಂದು ಹಟ, ಕಾಗದ ಹರಿಯಬಾರದು. ತಪ್ಪು ಬರೆದ ಹಾಳೆಯನ್ನೂ ಟ್ಯಾಗ್ ಹಾಕಿ ಫೈಲಿಗೆ ಸೇರಿಸೋರು. ಅವರ ಟೇಬಲ್ ಕೆಳಗೆ ಕಸದ ಬುಟ್ಟಿಯೇ ಇರಲಿಲ್ಲ.

ಆ ವರ್ಷ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಒಂದಷ್ಟು ಅಂಗನವಾಡಿಗಳ ತೂಕದ ರಿಜಿಸ್ಟರಿನ ನಕಲು ತರಿಸಿದ್ದೆವು. ಒಂದು ಹಳ್ಳಿಯ ಪುಟದಲ್ಲಿ ಸ್ಕೇಲು ನಿಂತಿತು. ಮೂರು ತಿಂಗಳಿಂದ ಯಾವ ಮಗುವಿನ ತೂಕವೂ ಬದಲಾಗಿಲ್ಲ. ಒಂದು ಮಗುವಾದರೂ ನೂರು ಗ್ರಾಂ ಏರಿಲ್ಲ, ಇಳಿದಿಲ್ಲ. ಹಿಂದಿನ ತಿಂಗಳದ್ದನ್ನೇ ನೋಡಿ ಬರೆದಿದ್ದಾರೆ ಅನ್ನೋದು ಎಂಥವರಿಗೂ ಗೊತ್ತಾಗುವಂತಿತ್ತು. ಅದನ್ನು ಹಿಡಿದವಳು ನಾನು. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ಮೇಡಂ ಊಟ ಮುಗಿಸಿ ಬರೋಷ್ಟರಲ್ಲಿ ವರದಿ ಬರೆದಿಟ್ಟೆ. ಅಂಗನವಾಡಿ ಟೀಚರ ಹೆಸರು ಮೂರು ಕಡೆ, ಊರಿನ ಸಮೇತ. ಕೆಳಗೆ ನನ್ನ ಹೆಸರು, ಸ್ವಲ್ಪ ದಪ್ಪಕ್ಷರದಲ್ಲೇ…

ಮೇಡಂ ಅದರ ಕೆಳಗೂ ಸ್ಕೇಲಿಟ್ಟು ಓದಿದರು. “ಬರೆದೋಳು ಯಾರು ಅಂತ ಗೊತ್ತಾಯ್ತು. ಬರೆಸಿದೋರು ಯಾರು?”

“ದಾಖಲೆ ಇದೆಯಲ್ಲ ಮೇಡಂ, ಇನ್ನೇನು ಬೇಕು?”

“ಒಂದು ಕಡೆಯ ದಾಖಲೆ ಮಾತ್ರ ಇದೆ. ನಾಳೆ ಹೋಗ್ಬುಟ್ಟು ಬರೋಣ.”

ನನಗೆ ಉರಿದುಹೋಯಿತು. ಸುದ್ದಿ ಬೇರೆಯವರ ಪಾಲಾದರೆ ಅನ್ನೋ ಭಯ ಬೇರೆ. ಬಸ್ಸಲ್ಲಿ ಉದ್ದಕ್ಕೂ ಮುಖ ಊದಿಸಿಕೊಂಡೇ ಕೂತಿದ್ದೆ. ಮೇಡಂ ಕಡ್ಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದರು, ಸಿಟ್ಟಲ್ಲೇ ತಿಂದೆ.

ಅಂಗನವಾಡಿಯ ಜಂತೆಗೆ ತೂಕದ ಮಷಿನ್ ನೇತಾಡುತ್ತಿತ್ತು. ಮೇಡಂ ತಮ್ಮ ಚೀಲವನ್ನೇ ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಅಲ್ಲಾಡಲಿಲ್ಲ. ಟೀಚರು ನಲವತ್ತರ ಹತ್ತಿರದ ಹೆಂಗಸು, ಗಂಡ ಇಲ್ಲ, ಆ ಕೆಲಸದ ಮೇಲೇ ಮನೆ ನಡೀತಿತ್ತು. ಸೆರಗಲ್ಲಿ ಮುಖ ಮುಚ್ಚಿಕೊಂಡರು. “ಮಷಿನ್ ಕೆಟ್ಟೈತೆ ಅಂತ ಎರಡು ಸಲ ಬರೆದುಕೊಟ್ಟೆ ಮೇಡಂ. ಖಾಲಿ ಬಿಡಂಗಿಲ್ಲ, ಹಿಂದಿನ ತಿಂಗಳದ್ದೇ ಹಾಕು ಅಂದ್ರು ಮೇಲಿನ ಆಫೀಸಿನೋರು. ನನ್ನ ಕೆಲಸ ಹೋಗ್ತದಾ?” ಬರೆದುಕೊಟ್ಟ ಕಾಗದದ ನಕಲು ಮಾತ್ರ ಅವರ ಹತ್ತಿರ ಇರಲಿಲ್ಲ.

ಮೇಲಿನ ಕಚೇರಿಯಲ್ಲಿ, ಅಂಥ ಕಾಗದ ಬಂದೇ ಇಲ್ಲ ಅಂದರು. ನಾನು ಮೇಡಂ ಮುಖ ನೋಡಿದೆ, ನೋಡಿದ್ರಾ ಅನ್ನೋ ಹಾಗೆ. ಮೇಡಂ ಮಷಿನ್ ರಿಪೇರಿಯ ಫೈಲು ಕೇಳಲೇ ಇಲ್ಲ. ಕಚೇರಿಗೆ ಬಂದ ಪ್ರತಿ ಕಾಗದಕ್ಕೂ ನಂಬರ್ ಹಾಕುವ ಟಪಾಲು ರಿಜಿಸ್ಟರ್ ನೋಡಬೇಕು ಅಂತ ಇನ್ನೊಂದು ಅರ್ಜಿ ಕೊಟ್ಟರು. ನನ್ನ ವರದಿ ಕಾಯುತ್ತಾ ಕೂತಿತು. ಸುಮಾರು ಒಂದು ತಿಂಗಳಾದ ಮೇಲೆ ನೋಡಲು ಬಿಟ್ಟರು. “ಫೈಲು ಕಾಣೆ ಮಾಡಬಹುದು ಕಣೇ. ಇದರಲ್ಲಿ ನೂರು ಜನರ ಕಾಗದ ಇರ್ತದೆ, ಒಬ್ಬಳಿಗೋಸ್ಕರ ಪುಟ ಹರಿಯೋಕಾಗಲ್ಲ,” ಅಂತ ಪಿಸುಗುಟ್ಟಿ ಸ್ಕೇಲು ಇಟ್ಟರು. ನಾನು ಓದುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ಸಿಕ್ಕಿತು. ಟೀಚರ ಹೆಸರು, ವಿಷಯ: ತೂಕದ ಯಂತ್ರ ದುರಸ್ತಿ. ಮುಂದಿನ ತಿಂಗಳ ಪುಟದಲ್ಲಿ ಇನ್ನೊಂದು. ಎರಡರ ನಂಬರನ್ನೂ ಎರಡೆರಡು ಸಲ ಓದಿ ಬರೆಸಿದೆ.

ಬಂದ ವರದಿ ಬೇರೆಯೇ ಆಗಿತ್ತು. ಕಾಗದ ತಲುಪಿಯೂ ಕದಲದವರ ಬಗ್ಗೆ. ಅದರಲ್ಲಿ ಟೀಚರ ಹೆಸರಿರಲಿಲ್ಲ, ಊರಿರಲಿಲ್ಲ. ಇವತ್ತಿಗೂ ನಾನು ಬರೆಯಲ್ಲ. ಹೊಸ ಮಷಿನ್ ಬಂತು. ಮೊದಲ ತೂಕದಲ್ಲೇ ಎರಡು ಮಕ್ಕಳು ಕೆಂಪು ಪಟ್ಟಿಗೆ ಬಂದವು, ಅಂದರೆ ಅಷ್ಟು ದಿನ ಸೊರಗಿದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. “ಅವಳೂ ತಪ್ಪು ಮಾಡಿದ್ದಾಳೆ, ಇಲ್ಲ ಅಂದೋರ್ಯಾರು. ಶುರು ಅವಳಿಂದ ಅಲ್ವಲ್ಲ,” ಅಂದರು ಮೇಡಂ. ಆ ಮಕ್ಕಳು ಚೇತರಿಸಿಕೊಳ್ಳೋವರೆಗೂ ತಿಂಗಳು ತಿಂಗಳು ಹೋಗಿ ಬಂದರು.

ವರದಿಯ ಮೆಚ್ಚುಗೆಯೆಲ್ಲ ನನಗೇ ಬಂತು. ನಾನು ಮೊದಲು ಬರೆದದ್ದೇನು ಅಂತ ಮೇಡಂ ಒಬ್ಬರಿಗೂ ಹೇಳಲಿಲ್ಲ. ಅವಮಾನಕ್ಕೆ ಆ ಹಾಳೆ ಹರಿಯಲು ಹೋದರೆ ಕೈ ಹಿಡಿದರು. “ಹರೀಬೇಡ, ಕೊಡಿಲ್ಲಿ. ತಪ್ಪೂ ರೆಕಾರ್ಡೇ ಕಣೇ.” ಫೈಲಿಗೆ ಸೇರಿಸಿಬಿಟ್ಟರು.

ಅವತ್ತಿನಿಂದ ಅದೊಂದು ಮುಳ್ಳು ನನಗೆ. ಟೀಚರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದಾಗಲೆಲ್ಲ ಕೈ ಹಿಡಿದುಕೊಂಡು, ನೀವು ಬರೆದು ನನ್ನ ಉಳಿಸಿದ್ರಿ ಅಂತಾರೆ. ಆ ಹಾಳೆ ಎಂದಾದರೂ ಯಾರ ಕೈಗಾದರೂ ಸಿಕ್ಕಿ, ಟೀಚರ ಕಣ್ಣಿಗೆ ಬಿದ್ದರೆ… ಮೇಡಂ ಹೋದ ಸುದ್ದಿ ಬಂದಾಗ ಅಳುತ್ತಲೇ ಇದೂ ನೆನಪಾಗಿತ್ತು. ನಾಚಿಕೆಯ ಮಾತೇ, ಆದರೂ ನಿಜ.

ನಿನ್ನೆ ಮಧ್ಯಾಹ್ನ ಧೈರ್ಯ ಮಾಡಿ ಫೈಲು ತೆರೆದೆ. ನನ್ನ ಹಾಳೆ ಇತ್ತು, ಟ್ಯಾಗ್ ಸಮೇತ. ಟೀಚರ ಹೆಸರಿದ್ದ ಮೂರೂ ಕಡೆ, ಊರಿನ ಹೆಸರಿದ್ದ ಕಡೆ, ಕಾಗದವೇ ಇರಲಿಲ್ಲ. ಸ್ಕೇಲಿಟ್ಟು ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ ತೆಗೆದಿದ್ದರು. ಒಂದು ಚೂರು ಕಾಗದ ಹರಿಯದ ಹೆಂಗಸು… ಎತ್ತಿ ಹಿಡಿದರೆ ಆ ಕಿಂಡಿಗಳಿಂದ ನಮ್ಮ ಅಡುಗೆಮನೆ ಗೋಡೆ ಕಾಣುತ್ತಿತ್ತು.

ಕೆಳಗೆ ನನ್ನ ಹೆಸರನ್ನು ಮಾತ್ರ ಮುಟ್ಟಿರಲಿಲ್ಲ. ದಪ್ಪಕ್ಷರದಲ್ಲಿ ಹಾಗೇ ಇತ್ತು. ಯಾಕೆ ಮೇಡಂ ಅಂತ ಕೇಳಿ ಬೈಸಿಕೊಳ್ಳೋಣ ಅಂದರೆ ಈಗ ಅವರಿಲ್ಲ. ಹಾಳೆಯನ್ನು ಹರಿಯಲಿಲ್ಲ. ಅದೇ ಫೈಲಿಗೆ ಸೇರಿಸಿ, ಮೇಲೆ ಸ್ಕೇಲು ಇಟ್ಟು, ಗಂಟು ಕಟ್ಟಿ ನನ್ನ ಬೀರುವಿನಲ್ಲಿ ಇಟ್ಟುಕೊಂಡೆ.